ಸೃಜನ್ ಕೈ ಬಿಡಿಸಿಕೊಂಡ ಭಾನುವಾರ

ಮಾಣಿ
20-1-2025, ಸೋಮವಾರ

ಪ್ರೀತಿಯ ಮಗಳು ತೃಪ್ತಿಗೆ ಅಮ್ಮನ ತುಂಬು ಮನಸ್ಸಿನ ಆಶೀರ್ವಾದ.

ಹೇಗಿದ್ದೀ ಮಗಾ? ಹುಬ್ಬಳ್ಳಿಯಲ್ಲಿ ಈ ವರ್ಷ ಚಳಿ ಜೋರೆಂದು ಟಿ.ವಿ.ಯಲ್ಲಿ ಹೇಳಿದರು. ಆಸ್ಪತ್ರೆಯಲ್ಲಿ ದಿನವಿಡೀ ನಿಂತು ಕಾಲು ಊದುತ್ತದೆ ಎಂದಿದ್ದೆಯಲ್ಲ, ಈಗ ಕಡಿಮೆಯಾಯಿತಾ? ಬಿಸಿನೀರಿಗೆ ಕಲ್ಲುಪ್ಪು ಹಾಕಿ ಕಾಲು ಇಟ್ಟುಕೋ. ನರ್ಸಿಗೆ ನಾನು ಔಷಧಿ ಹೇಳುವುದೇ ಎಂದು ನಗಬೇಡ. ನೀನು ಬೇರೆಯವರ ಕಾಲು ನೋಡುತ್ತೀಯೇ ಹೊರತು ನಿನ್ನದನ್ನು ನೋಡಿಕೊಳ್ಳುವವಳಲ್ಲ.

ಫೋನ್ ಇರುವಾಗ ಅಮ್ಮ ಯಾಕೆ ಕಾಗದ ಬರೆದಳು ಎಂದು ನಿನಗೆ ಅನಿಸಬಹುದು. ನನ್ನ ಫೋನ್ ಈಗ ನಿನ್ನ ಅತ್ತಿಗೆ ಹರಿಣಾಕ್ಷಿಯ ಬಳಿ ಇರುತ್ತದೆ. ನೀನು ಕರೆ ಮಾಡಿದಾಗ ಸ್ಪೀಕರಿಗೆ ಹಾಕಿ ಕೊಟ್ಟು, ಪಕ್ಕದಲ್ಲೇ ಬಟ್ಟೆ ಮಡಚುತ್ತಾ ಕುಳಿತಿರುತ್ತಾಳೆ. ಅವಳೆದುರು ನಾನು ಏನು ಹೇಳಲಿ? "ಆರಾಮ ಇದ್ದೇನೆ" ಎನ್ನುತ್ತೇನೆ, ನೀನೂ ಸರಿ ಎಂದು ಇಡುತ್ತೀ. ಈ ಕಾಗದವನ್ನು ಆಚೆ ಮನೆಯ ನುಸ್ರತ್ ಅಂಚೆಗೆ ಹಾಕುತ್ತಾಳೆ. ನನ್ನ ಅಂಗನವಾಡಿಯಲ್ಲಿ ಅಕ್ಷರ ಕಲಿತವಳು, ಟೀಚರ್ ಕೇಳಿದರೆ ಇಲ್ಲ ಎನ್ನುವುದಿಲ್ಲ.

ನಾನು ಗೇಟು ದಾಟದೆ ಇವತ್ತಿಗೆ ಹದಿನಾಲ್ಕು ದಿನ. ಗೇಟಿಗೆ ಬೀಗ ಹಾಕಿದ್ದಾರೆ, ಬೀಗದ ಕೈ ಹರಿಣಾಕ್ಷಿಯ ಬ್ಯಾಗಿನಲ್ಲಿ. ಅವಳು ಸೊಸೈಟಿಗೆ ಕೆಲಸಕ್ಕೆ ಹೋಗುವ ಮೊದಲು ನನ್ನನ್ನು ಕಾಯಲು ಕೆಲಸದ ಮುಂಡಪ್ಪನ ಹೆಂಡತಿ ಬರುತ್ತಾಳೆ, ಅವಳು ಬಂದ ಮೇಲೆಯೇ ಇವಳು ಹೊರಡುವುದು. ನಿನ್ನ ಅಣ್ಣ ದಯಾಕರ ಗ್ಯಾಸಿನ ರೆಗ್ಯುಲೇಟರ್ ತೆಗೆದು ಕಪಾಟಿನ ಮೇಲೆ ಇಟ್ಟು ಅಂಗಡಿಗೆ ಹೋಗುತ್ತಾನೆ. ಒಂದು ಲೋಟ ಚಹಾ ಬೇಕಾದರೂ ಕೇಳಬೇಕು, ಅದೂ ನನ್ನದೇ ಅಡುಗೆಮನೆಯಲ್ಲಿ. ಬೈದರೆ ತಿರುಗಿ ಬೈಯಬಹುದಿತ್ತು. ಅವರು ಬೈಯುವುದಿಲ್ಲ. "ಅತ್ತೆ, ನೀವು ಕೂತ್ಕೊಳ್ಳಿ, ನಾನು ಮಾಡಿ ಕೊಡ್ತೇನೆ" ಎನ್ನುತ್ತಾಳೆ ಹರಿಣಾಕ್ಷಿ. ದಿನಾ ಆ ಒಂದು ಮಾತು ಕೇಳಿ ಕೇಳಿ ನನಗೆ ಕಿರುಚಬೇಕೆನಿಸುತ್ತದೆ. ಮೂವತ್ತೊಂದು ವರ್ಷ ಊರಿನ ಮಕ್ಕಳನ್ನೆಲ್ಲ ನೋಡಿಕೊಂಡವಳನ್ನು ಈಗ ಮೂರು ಜನ ಸರದಿಯಲ್ಲಿ ನೋಡಿಕೊಳ್ಳುತ್ತಿದ್ದಾರೆ.

ಇದೆಲ್ಲ ಆ ಭಾನುವಾರದಿಂದ. ನಿನಗೆ ಅವರು ಅರ್ಧ ಹೇಳಿರಬಹುದು, ನಾನು ಪೂರ್ತಿ ಹೇಳುತ್ತೇನೆ. ಹೊಸ ವರ್ಷದ ಮೊದಲ ಭಾನುವಾರ ಸೃಜನ್‌ಗೆ ಹುಲಿ ತೋರಿಸಲು ನಾವು ನಾಲ್ವರೂ ಕಾರಿನಲ್ಲಿ ಮಂಗಳೂರಿನ ಆಚೆಯ ಪ್ರಾಣಿಗಳ ಪಾರ್ಕಿಗೆ ಹೋದೆವು. ಹರಿಣಾಕ್ಷಿ ಬೆಳಿಗ್ಗೆ ನಾಲ್ಕಕ್ಕೇ ಎದ್ದು ಬುತ್ತಿಗೆ ಅಕ್ಕಿಯ ಪುಂಡಿ ಬೇಯಿಸಿದ್ದಳು. ಬಿ.ಸಿ. ರೋಡಿನವರೆಗೂ ಸೃಜನ್ ನನ್ನ ಮಡಿಲಲ್ಲಿ ಕುಳಿತು ಎದುರು ಬರುವ ಲಾರಿ ಎಣಿಸಿದ. ನಾಲ್ಕು ವರ್ಷದ ಹುಡುಗ, ಹನ್ನೆರಡರ ನಂತರ ಹದಿನೈದು ಬರುತ್ತದೆ ಅವನಿಗೆ. ಪಾರ್ಕಿನಲ್ಲಿ ಹುಲಿ ಮರದಡಿ ಮಲಗಿತ್ತು. "ಅಜ್ಜಿ, ಇದು ಸತ್ತದ್ದಾ?" ಎಂದು ಎಲ್ಲರಿಗೂ ಕೇಳುವ ಹಾಗೆ ಕೇಳಿದ. ಅಷ್ಟರಲ್ಲಿ ಹುಲಿ ಒಂದು ಕಿವಿ ಅಲ್ಲಾಡಿಸಿತು, ನಿಂತವರೆಲ್ಲ ಚಪ್ಪಾಳೆ ತಟ್ಟಿದರು. ನೀರುನಾಯಿಗಳ ಮುಂದಿನಿಂದ ಅವನನ್ನು ಎಬ್ಬಿಸಲು ಅರ್ಧ ಗಂಟೆ ಬೇಕಾಯಿತು. ನನಗೂ ಖುಷಿಯಾಗಿತ್ತು ತೃಪ್ತಿ. ಎಷ್ಟೋ ದಿನಗಳ ಮೇಲೆ ಕಾಲಿಗೆ ಚಪ್ಪಲಿ ಹಾಕಿ ದೂರ ನಡೆದಿದ್ದೆ.

ಮಧ್ಯಾಹ್ನ ಜಿಂಕೆಗಳ ಬೇಲಿಯೆದುರು ಒಂದು ಕಲ್ಲುಬೆಂಚು ಸಿಕ್ಕಿತು. ಹರಿಣಾಕ್ಷಿ ಶೌಚಾಲಯದ ಸಾಲಿಗೆ ಹೋದಳು. ದಯಾಕರ ಊಟದ ಚೀಲ ತರಲು ಕಾರಿನತ್ತ ಹೊರಟ. "ಅಮ್ಮ, ಅವನ ಕೈ ಬಿಡಬೇಡ, ಹತ್ತು ನಿಮಿಷದಲ್ಲಿ ಬರ್ತೇನೆ" ಎಂದ. ಅವನು ತಿರುಗಿ ಬಂದಾಗ ಬೆಂಚಿನಲ್ಲಿ ನಾನೊಬ್ಬಳೇ ಇದ್ದೆ. ಸೃಜನ್ ನವಿಲು ನೋಡಬೇಕೆಂದು ಕೈ ಬಿಡಿಸಿಕೊಂಡು ಓಡಿದ್ದ. ಅರವತ್ತೊಂಬತ್ತು ವರ್ಷದ ಮಂಡಿ ಇಟ್ಟುಕೊಂಡು ನಾನು ಎಷ್ಟು ದೂರ ಓಡಲಿ, ನೀನೇ ಹೇಳು.

ಮುಕ್ಕಾಲು ಗಂಟೆ ಹುಡುಕಿದರು. ಮೈಕಿನಲ್ಲಿ ಹೆಸರು ಕೂಗಿಸಿದರು. ಹರಿಣಾಕ್ಷಿ ಮೊಸಳೆಯ ಹೊಂಡದ ಗೋಡೆ ಹಿಡಿದುಕೊಂಡು ಕೆಳಗೆ ನೋಡುತ್ತಿದ್ದಳು, ಅವಳ ಆ ಮುಖ ನನ್ನ ಕಣ್ಣಿನಿಂದ ಹೋಗುತ್ತಿಲ್ಲ. ಕೊನೆಗೆ ಮಗು ಸಿಕ್ಕಿದ್ದು ಹೊರಗಿನ ಗೇಟಿನ ಆಚೆ. ಅಲ್ಲಿ ಶರಬತ್ತು ಮಾರುವ ಬಾಸಿತ್ ಎನ್ನುವವರು ಅವನನ್ನು ಎತ್ತಿಕೊಂಡು ನಿಂತಿದ್ದರು. "ಬಸ್ಸು ತಿರುಗುವ ಜಾಗದಲ್ಲಿ ಒಬ್ಬನೇ ನಡೀತಾ ಇದ್ದ ಮಾರಾಯ್ರೆ. ನಾನು ಬೊಬ್ಬೆ ಹಾಕಿದ್ದಕ್ಕೆ ಡ್ರೈವರ್ ಬ್ರೇಕ್ ಒತ್ತಿದ. ಒಂದು ಮಾರು ಇದ್ದದ್ದು, ಅಷ್ಟೇ" ಎಂದರು. ಹರಿಣಾಕ್ಷಿ ನೆಲದಲ್ಲೇ ಕುಳಿತುಬಿಟ್ಟಳು. ಯಾಕೆ ಹೋದೆ ಎಂದು ದಯಾಕರ ಕೇಳಿದ್ದಕ್ಕೆ ಮಗು, "ಅಜ್ಜಿಯೇ ಹೋಗ್ಲಿಕ್ಕೆ ಹೇಳಿದ್ದು" ಎಂದಿತು. ದಯಾಕರ ನನ್ನ ಮುಖ ನೋಡಿದ. ಇಲ್ಲ, ಅವನೇ ಕೈ ಬಿಡಿಸಿಕೊಂಡು ಓಡಿದ್ದು ಎಂದೆ. "ಓಡಿದ್ದಲ್ಲದೆ ಸುಳ್ಳು ಬೇರೆ ಹೇಳ್ತೀಯಾ?" ಎಂದು ಅವನ ಕೆನ್ನೆಗೆ ಒಂದು ಕೊಟ್ಟ. ಹುಟ್ಟಿದಂದಿನಿಂದ ಆ ಮಗುವಿಗೆ ಪೆಟ್ಟು ಬಿದ್ದದ್ದು ಅದೇ ಮೊದಲು. ಹೆದರಿದ ಮಕ್ಕಳು ಏನಾದರೊಂದು ಹೇಳಿ ತಪ್ಪಿಸಿಕೊಳ್ಳುತ್ತವೆ, ಅಂಥವನ್ನು ಎಷ್ಟು ನೋಡಿಲ್ಲ ನಾನು. ಪುಂಡಿಯ ಪಾತ್ರೆ ಬಿಚ್ಚದೆ ಹಾಗೆಯೇ ಮನೆಗೆ ಬಂತು.

ಮರುದಿನ ನನಗೆ ಮನೆಯೊಳಗೆ ಉಸಿರು ಕಟ್ಟಿದಂತಾಗಿ ಮಾಣಿ ಜಂಕ್ಷನ್ನಿನವರೆಗೆ ನಡೆದುಕೊಂಡು ಹೋದೆ. ಸ್ವಲ್ಪ ಹೊತ್ತು ನಿಂತು ಹೋಗುವ ಬಸ್ಸುಗಳನ್ನು ನೋಡಿದೆ, ಅಷ್ಟೇ. ರಿಕ್ಷಾದ ಹನೀಫಾ ದಯಾಕರನಿಗೆ ಫೋನ್ ಮಾಡಿ, ಮೂರು ಗಂಟೆ ಹೊತ್ತಿನಿಂದ ಟೀಚರ್ ಬಿಸಿಲಲ್ಲಿ ನಿಂತಿದ್ದಾರೆ ಎಂದನಂತೆ. ಅಷ್ಟು ಹೊತ್ತು ಆಗಿತ್ತೇನೋ. ಅದರ ಮುಂಚೆ ಎರಡು ಸಲ ಒಲೆ ಆರಿಸಲು ಮರೆತಿದ್ದೆ, ಅದನ್ನೂ ಇದಕ್ಕೆ ಸೇರಿಸಿದರು. ಸಂಜೆಗೆ ಬೀಗ ಬಂತು.

ಬೀಗವನ್ನಾದರೂ ಸಹಿಸಬಹುದು. ಸೃಜನ್ ಮೊದಲು ನನ್ನ ಕೋಣೆಯಲ್ಲೇ ಮಲಗುತ್ತಿದ್ದ. ಈಗ ಬಾಗಿಲಿನ ಹೊರಗೆ ನಿಲ್ಲುತ್ತಾನೆ. "ಅಜ್ಜಿ, ನಾನು ಒಳಗೆ ಬರಬಾರದಂತೆ" ಎಂದು ಹೇಳಿ, ಅಲ್ಲೇ ಹೊಸ್ತಿಲ ಆಚೆ ಕುಳಿತು ಆಟದ ಕಾರು ಓಡಿಸುತ್ತಾನೆ. ಕಾರು ಉರುಳಿ ಒಳಗೆ ಬಂದರೆ ನಾನು ಎತ್ತಿ ಹೊರಗೆ ತಳ್ಳುತ್ತೇನೆ. ಅವನು ಮತ್ತೆ ಒಳಗೆ ತಳ್ಳುತ್ತಾನೆ. ನಮ್ಮಿಬ್ಬರ ಮಾತುಕತೆ ಈಗ ಅಷ್ಟೇ.

ನೀನು ಹೇಳಿದರೆ ಅಣ್ಣ ಕೇಳುತ್ತಾನೆ. ಅಮ್ಮನನ್ನು ಹೀಗೆ ಕೂಡಿಹಾಕಬೇಡ ಎಂದು ಹೇಳು. ಬೆಳಿಗ್ಗೆ ಒಂದು ಗಂಟೆ ಗೇಟು ತೆರೆದಿಟ್ಟರೆ ಸಾಕು. ಇದಕ್ಕೆಂದೇ ಕುಳಿತು ಬರೆಯುತ್ತಿದ್ದೇನೆ, ಮೂರು ದಿನ ಆಯಿತು ಶುರು ಮಾಡಿ.

ಹೊತ್ತಿಗೆ ಸರಿಯಾಗಿ ಉಣ್ಣು, ರಜೆ ಸಿಕ್ಕರೆ ಬಾ. ನಿನ್ನ ಕೋಣೆಯ ಗೆಳತಿಯರಿಗೂ ನನ್ನ ಪ್ರೀತಿ ಹೇಳು. ದೇವರು ನಿನ್ನನ್ನು ಚೆನ್ನಾಗಿ ಇಟ್ಟಿರಲಿ.

ಇಂತು ನಿನ್ನ ಅಮ್ಮ,
ಕಾವೇರಮ್ಮ

ತಾ.ಕ.: ನುಸ್ರತ್ ಬಂದು ಗೇಟಿನ ಆಚೆ ನಿಂತಿದ್ದಾಳೆ, ಬೇಗ ಬರೆಯುತ್ತೇನೆ. ಸೃಜನ್ ಕೈ ಬಿಡಿಸಿಕೊಳ್ಳಲಿಲ್ಲ ತೃಪ್ತಿ. ನವಿಲನ್ನು ನಾನು ಆಮೇಲೆ ಕಟ್ಟಿದ್ದು. ಆ ಬೆಂಚಿನಲ್ಲಿ ಪಕ್ಕಕ್ಕೆ ತಿರುಗಿ ನೋಡಿದಾಗ ಒಂದು ಮಗು ನನ್ನ ಕೈ ಹಿಡಿದು ಕುಳಿತಿತ್ತು. ಯಾರ ಮಗು ಎಂದು ನನಗೆ ಗೊತ್ತಾಗಲಿಲ್ಲ. ಅಂಗನವಾಡಿ ಬಿಟ್ಟಿದೆ, ಎಲ್ಲರೂ ಹೋಗಿ ಇದೊಂದೇ ಉಳಿದಿದೆ ಎಂದುಕೊಂಡೆ. "ನಿನ್ನ ಅಮ್ಮ ಬಂದಿರಬಹುದು, ಗೇಟಿನ ಹತ್ತಿರ ಹೋಗಿ ನೋಡು ಮಗಾ" ಎಂದು ನಾನೇ ಅವನ ಬೆರಳು ಬಿಡಿಸಿದೆ. ಅವನು ಎರಡು ಸಲ ತಿರುಗಿ ನೋಡಿದ. ನಾನು ಹೋಗು ಹೋಗು ಎಂದು ಕೈ ಬೀಸಿದೆ. ದಯಾಕರ ಬಂದು ಸೃಜನ್ ಎಲ್ಲಿ ಎಂದಾಗಲೇ ಅವನು ಸೃಜನ್ ಎಂದು ನನಗೆ ಹೊಳೆದದ್ದು. ಬೀಗ ತೆಗೆಸಬೇಡ. ನಾನು ಅತ್ತು ಕೇಳಿದರೂ ತೆಗೆಯಬೇಡಿ ಎಂದು ಹೇಳು. ಇದನ್ನು ಅಣ್ಣನಿಗೆ ಹೇಳಲು ನನಗೆ ಬಾಯಿ ಬರುವುದಿಲ್ಲ, ನೀನೇ ಹೇಳಬೇಕು. ಮಗು ಹೇಳಿದ್ದು ಸುಳ್ಳಲ್ಲ ಎಂದು ಮೊದಲು ಹೇಳು. ನನ್ನ ಕಾಯಿಲೆಯ ವಿಷಯ ಆಮೇಲೆ.