ಹ್ಯಾಂಡ್‌ಓವರ್ ತೆಗೆದುಕೊಳ್ಳಲಿಲ್ಲ

ಸೋಮವಾರ, ಜೂನ್ 3

ಆಸ್ಪತ್ರೆಯವರು ಕೊಟ್ಟ ಮಾತು: ಬೇರೆ ವಾರ್ಡಿಗೆ ಕಳಿಸುವ ಮುಂಚೆ ತರಬೇತಿ. ಎಲ್ಲರಿಗೂ ಸರದಿ. ಹಿಂದಿನ ದಿನವೇ ತಿಳಿಸುವುದು.

ಸಿಕ್ಕಿದ್ದು: ಬೆಳಿಗ್ಗೆ ಬ್ಯಾಗು ಇಡುವ ಮುಂಚೆ ಒಂದು ಫೋನು. ನಮ್ಮ ಮಕ್ಕಳ ವಾರ್ಡಿನಲ್ಲಿ ನರ್ಸ್‌ಗಳು ಹೆಚ್ಚಂತೆ, ನಾನು ಗಂಡಸರ ವಾರ್ಡಿಗೆ ಹೋಗಬೇಕಂತೆ.

ಹೋದೆ. ಬಿಳಿ ಮೀಸೆಯ ಯಜಮಾನರಿಗೆ ಮಾತ್ರೆ ಕೊಡುವಾಗ ಅಭ್ಯಾಸಬಲ — "ಆ ಮಾಡು ಪುಟ್ಟಾ" ಅಂದುಬಿಟ್ಟೆ. ಅವರೂ ತೆಪ್ಪಗೆ ಆ ಮಾಡಿದರು. ವಾರ್ಡೆಲ್ಲ ನಗು. ನಾನೂ ನಕ್ಕೆ. ಡೋಸಿನಲ್ಲೂ ಕೈ ಹಾಗೇ ಮಕ್ಕಳ ಲೆಕ್ಕ ಹಿಡಿದಿದ್ದರೆ?

ಬುಧವಾರ, ಜೂನ್ 12

ಇವತ್ತು ಡಯಾಲಿಸಿಸ್. ಮೈಯ ರಕ್ತ ಹೊರಗೆ ಬಂದು, ಮೆಷಿನ್‌ನಲ್ಲಿ ಸೋಸಿ, ಮತ್ತೆ ಮೈಗೆ ಹೋಗುವ ಜಾಗ. ಆ ಮೆಷಿನ್ ಮುಟ್ಟಿದವಳೇ ಅಲ್ಲ. ಎರಡು ಬೆಡ್ ನನ್ನ ತಲೆಗೆ ಕಟ್ಟಿದರು.

ಹಿಂದಿನ ಪಾಳಿಯವರಿಂದ ಹ್ಯಾಂಡ್‌ಓವರ್, ಅಂದರೆ ರೋಗಿಯ ಹೊಣೆ, ತೆಗೆದುಕೊಂಡರೆ ರೋಗಿ ನಮ್ಮವರು. ಆಮೇಲೆ ಬಿಟ್ಟು ನಡೆದರೆ ತಪ್ಪು ನಮ್ಮದೇ. ಹೇಳುವುದಿದ್ದರೆ ಅದಕ್ಕೆ ಮುಂಚೆ. ಹೇಳಿದೆ — ತೆಗೆದುಕೊಳ್ಳುವುದಿಲ್ಲ. ಬಿಪಿ ನೋಡುತ್ತೇನೆ, ಹಾಸಿಗೆ ಬದಲಿಸುತ್ತೇನೆ, ಮೆಷಿನ್ ಮುಟ್ಟುವುದಿಲ್ಲ.

ಮೇಟ್ರನ್ ದಡಬಡ ಬಂದರು. ಮೆಮೊ ಕೊಡುತ್ತಾರಂತೆ. ಕೆಲಸ ಉಳಿಯುವುದಿಲ್ಲವಂತೆ.

"ನರ್ಸ್ ಅಂದ್ರೆ ನರ್ಸೇ ಅಲ್ವೇನ್ರೀ?"

"ಹೌದು ಮೇಡಂ. ಡಾಕ್ಟರೂ ಡಾಕ್ಟರೇ. ನಾಳೆ ಕಣ್ಣಿನ ಡಾಕ್ಟರ ಕೈಲಿ ಹಾರ್ಟ್ ಆಪರೇಷನ್ ಮಾಡ್ಸೋಣ."

ಅಷ್ಟರಲ್ಲಿ ಡಯಾಲಿಸಿಸ್‌ನ ಇನ್‌ಚಾರ್ಜ್ ಸಿಸ್ಟರ್ ಗ್ಲೌಸ್ ಕಳಚುತ್ತ ಬಂದರು. ಎಲ್ಲರ ಬಾಯಲ್ಲಿ ಅವರು ಸಿಡುಕಿ ಅಕ್ಕ. ಮುಗಿಯಿತು ನನ್ನ ಕಥೆ ಅಂದುಕೊಂಡೆ.

"ಕಲೀದವಳ ಕೈಗೆ ನನ್ನ ರೋಗಿ ಕೊಡಲ್ಲ ಮೇಡಂ. ಆ ಎರಡು ಬೆಡ್ ನಾನೇ ನೋಡ್ಕೋತೀನಿ, ಇವಳು ಬಿಪಿ ನೋಡ್ಲಿ. ಮೆಮೊ ಬರೆಯೋದಾದ್ರೆ ನಂಗೂ ಒಂದು ಬರೀರಿ."

ಬಚ್ಚಲಿಗೆ ಹೋಗಿ ಅತ್ತೆ. ಮುಖ ತೊಳೆದುಕೊಂಡು ಬಂದು ಬಿಪಿ ನೋಡಿದೆ.

ಶನಿವಾರ, ಜೂನ್ 29

ಇಷ್ಟು ದಿನ ಬರೆಯಲಾಗಲಿಲ್ಲ. ಮೆಮೊ ಬಂತು — ಇಬ್ಬರಿಗೂ. ನರ್ಸ್‌ಗಳನ್ನೆಲ್ಲ ಒಟ್ಟು ಮಾಡಲು ವಾರ್ಡು ವಾರ್ಡು ಸುತ್ತಿದೆವು. ಇವತ್ತು ಡ್ಯೂಟಿ ಮುಗಿಸಿದವರೆಲ್ಲ ಯೂನಿಫಾರ್ಮಿನಲ್ಲೇ ಆಡಳಿತಾಧಿಕಾರಿಯ ಕೋಣೆಯಲ್ಲಿ ಹೋಗಿ ನಿಂತೆವು. ಕುರ್ಚಿ ಸಾಲದೆ ಅವರೂ ಎದ್ದು ನಿಲ್ಲಬೇಕಾಯಿತು.

ಮೆಮೊ ವಾಪಸ್. ತರಬೇತಿ ಇಲ್ಲದ ಕಡೆ ರೋಗಿಯ ಹೊಣೆ ಇಲ್ಲ, ಕೈಜೋಡಿಸುವುದಷ್ಟೇ. ಯಾರೂ ಕರುಣಿಸಿದ್ದಲ್ಲ. ಕಿತ್ತುಕೊಂಡದ್ದು.

ಕೆಲಸ ಉಳಿಯಿತು. ಆ ಇಬ್ಬರು ರೋಗಿಗಳೂ ಚೆನ್ನಾಗಿದ್ದಾರೆ. ರಾತ್ರಿ ಮನೆಯಲ್ಲಿ ಗಂಡ ಬಡಿಸುತ್ತ ಕೇಳಿದರು, ಇಷ್ಟು ದಿನ ಈ ಹಸಿವನ್ನೆಲ್ಲ ಎಲ್ಲಿ ಇಟ್ಟಿದ್ದೆ ಅಂತ. ಮಾತಾಡಲು ಬಾಯಿ ಖಾಲಿ ಇರಲಿಲ್ಲ.

ಸರದಿಯ ಮಾತು, ಹಿಂದಿನ ದಿನವೇ ತಿಳಿಸುವ ಮಾತು ಇನ್ನೂ ಬಾಕಿ. ಬಿಡುವುದಿಲ್ಲ. ಮುಂದಿನ ಸಭೆ ಗುರುವಾರ, ಮಧ್ಯಾಹ್ನ ಮೂರು ಗಂಟೆಗೆ.