ಹೊರಡದೆ ಉಳಿದ ಮೇಲ್

ಫೆಬ್ರವರಿ 21, ರಿಚರ್ಡ್‌ಸನ್
ಮತ್ತೆ ಮೇಲ್ ಸರ್ವರಿನ ಲಾಗ್ ನೋಡಿದೆ. ಕನ್ನಡ ಸಂಘದ ಯುಗಾದಿ ಆಮಂತ್ರಣ ಅರ್ಧ ಜನರಿಗೆ ತಲುಪಿಲ್ಲ. ಹ್ಯೂಸ್ಟನ್‌ನಿಂದ ಕಾರ್ಯದರ್ಶಿ ನಂದಕುಮಾರ್ ಅಂಕಲ್ ಫೋನ್: "ಏನಮ್ಮಾ ಗೋಲ್ಡ್ ಮೆಡಲ್, ಬೇವು ಬೆಲ್ಲ ತಿಂದು ಕೈ ತೊಳ್ಕೊಂಡ ಮೇಲೆ ಬರುತ್ತಾ ನಿನ್ನ ಇನ್ವಿಟೇಶನ್? ಸತ್ಯಪ್ರಕಾಶ ಇದ್ದಾಗ ಹೀಗಾಗ್ತಿರಲಿಲ್ಲ."
ಸಿಟ್ಟು ಬಂತು. ಸತ್ಯಪ್ರಕಾಶ ಅಂಕಲ್ ಹತ್ತು ವರ್ಷ ಸಂಘದ ಮೇಲ್ ಸರ್ವರನ್ನು ಕಾಪೆಲ್‌ನ ತಮ್ಮ ಗ್ಯಾರೇಜಿನಲ್ಲಿ ನಡೆಸಿದರು. ಜನವರಿಯಲ್ಲಿ ಕ್ಲೌಡ್‌ಗೆ ಶಿಫ್ಟ್ ಮಾಡಿದವಳು ನಾನು — ಒಂದೇ ಮಧ್ಯಾಹ್ನದಲ್ಲಿ. ತಿಂಗಳ ಕೊನೆಗೆ ಅವರು ತೀರಿಕೊಂಡರು. ಹೃದಯಾಘಾತ.
ದೋಷ ಹಳೆಯ ಸೆಟ್ಟಿಂಗಿನಲ್ಲೇ ಇರಬೇಕು. ಅವರದು.

ಫೆಬ್ರವರಿ 22, ಮಧ್ಯಾಹ್ನ
ಅವರದಲ್ಲ. ಸರ್ವರಿನ ಹೊಸ ಐಪಿ ವಿಳಾಸ ಯಾರದೆಂದು ಹುಡುಕಿದರೆ ಸಂಘದ ಹೆಸರು ಬರಬೇಕು. ಆ ನಮೂದನ್ನು ನಾನು ಮಾಡಿಸಿಯೇ ಇರಲಿಲ್ಲ. ಕಾಲೇಜಿನ ತರಗತಿಯಲ್ಲಿ ಇತರರಿಗೆ ನಾನೇ ಹೇಳಿಕೊಟ್ಟ ಪಾಠ. ಗುರುತು ಸಿಗದ ನಮ್ಮ ಸರ್ವರಿಗೆ, ಮೇಲ್ ಪಡೆಯಬೇಕಾದ ಸರ್ವರುಗಳು "ಆಮೇಲೆ ಬಾ" ಎನ್ನುತ್ತಲೇ ಇದ್ದವು. ಸಾಮಾನ್ಯವಾಗಿ ಐದು ದಿನಕ್ಕೆ ಮತ್ತೆ ಕಳಿಸುವ ಪ್ರಯತ್ನ ನಿಲ್ಲುತ್ತದೆ. ಸತ್ಯಪ್ರಕಾಶ ಅಂಕಲ್ ಸೆಟ್ಟಿಂಗಿನಲ್ಲಿ ಅರವತ್ತು ದಿನ ಎಂದು ಬರೆದಿದ್ದರು. ಆಗ ನಕ್ಕು, ಹಾಗೆಯೇ ಬಿಟ್ಟಿದ್ದೆ...
ಸರಿಪಡಿಸಿದೆ. ಕ್ಯೂನಲ್ಲಿ ಕಾಯುತ್ತಿದ್ದ ಇನ್ನೂರು ಮೇಲ್ ಒಟ್ಟಿಗೆ ಹೊರಟವು. ಯಾರವೆಂದು ನೋಡಲಿಲ್ಲ.

ಅದೇ ದಿನ, ಸಂಜೆ 5
ಸತ್ಯಪ್ರಕಾಶ ಅಂಕಲ್ ಮಗಳು ಅನಘಾ ಫೋನ್ ಮಾಡಿದಳು, ಆಸ್ಟಿನ್‌ನಿಂದ. ಡಾಕ್ಟರ್.
"ಅಪ್ಪನ ಮೇಲ್ ಬಂತು ಕಣೇ. ಈಗ."
ಓದಿದಳು. ಜನವರಿ 27ರದು. "ಪುಟ್ಟಿ, ಎರಡು ದಿನದಿಂದ ಎದೆ ಹಿಡಿದ ಹಾಗಿದೆ. ಅಮ್ಮನಿಗೆ ಹೇಳಿಲ್ಲ. ಫೋನ್ ಮಾಡಿದ್ರೆ ಡ್ಯೂಟಿ ಮಧ್ಯೆ ಗಾಬರಿ ಆಗ್ತೀಯ. ಆಸ್ಪತ್ರೆಗೆ ಹೋಗಲೇಬೇಕಾ, ಹೇಳು."
ತೀರಿಕೊಂಡದ್ದು 30ರಂದು.
"ನಾನು ಉತ್ತರ ಕೊಡ್ಲಿಲ್ಲ ಅಂದ್ಕೊಂಡೇ ಹೋದ್ರಾ? ಯಾಕೆ ಇಷ್ಟು ಲೇಟಾಯ್ತು?"
"ಸರ್ವರ್ ಹಳೇದು," ಎಂದೆ.

ಫೆಬ್ರವರಿ 25
ಲಾಗ್ ಎಣಿಸಿದೆ. ಆ ಒಂದು ಮೇಲ್ ಐನೂರಕ್ಕೂ ಹೆಚ್ಚು ಸಲ ಹೊರಡಲು ಯತ್ನಿಸಿದೆ. ಅಂತ್ಯಕ್ರಿಯೆಯ ಹೊತ್ತಿನಲ್ಲೂ ಒಮ್ಮೆ. ನಾನು ಅಲ್ಲಿ ಮೊದಲ ಸಾಲಿನಲ್ಲಿ ಕುಳಿತಿದ್ದೆ.
ನನ್ನ ಇನ್‌ಬಾಕ್ಸಿಗೂ 22ರಂದು ಆ ಇನ್ನೂರರ ಜೊತೆ ಒಂದು ಬಂದಿತ್ತು. ಅಂಕಲ್ ಹೆಸರು ನೋಡಿ ತೆರೆದಿರಲಿಲ್ಲ. ಇಂದು ತೆರೆದೆ. ಜನವರಿ 29.
"ಅಮ್ಮಾ, ಅನಘಾಗೆ ಹಾಕಿದ ಮೇಲ್ ಹೋದ ಹಾಗಿಲ್ಲ. ನೀನು ಮಾಡಿದ್ದು ಅಂದ್ರೆ ಸರಿಯಾಗೇ ಇರುತ್ತೆ, ನಂದೇ ಏನೋ ತಪ್ಪಿರಬೇಕು. ಪುರುಸೊತ್ತಾದಾಗ ನೋಡು. ಅವಸರ ಇಲ್ಲ."

ಫೆಬ್ರವರಿ 26, ಬೆಳಿಗ್ಗೆ 7
ಅನಘಾಗೆ ಬರೆಯಬೇಕು. ಅದೇ ಸರ್ವರಿನಿಂದ. ಈ ಸಲ ತಕ್ಷಣ ತಲುಪುತ್ತದೆ — ಭಯ ಅದೇ. ಮೊದಲು ಇಲ್ಲಿ ಬರೆದು ನೋಡುತ್ತೇನೆ.
ಅನಘಾ, ಸರ್ವರ್ ಹಳೆಯದಲ್ಲ. ಜನವರಿಯಲ್ಲಿ ಅದನ್ನು...