ಬಾಟಲಿಯ ಮೇಲಿನ ಹೆಸರು

ಹುಬ್ಬಳ್ಳಿ, 30 ಫೆಬ್ರುವರಿ 2231

ಹಿಂದಿನವರೇ,

ದಿನಾಂಕ ನೋಡಿ ನಗಬೇಡಿ. ನಮ್ಮ ಕಾಲದ ಕ್ಯಾಲೆಂಡರಿನಲ್ಲಿ ಫೆಬ್ರುವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ. ನನ್ನ ಮಾತುಗಳೂ ವಿಚಿತ್ರವೆನಿಸಬಹುದು, ಕ್ಷಮಿಸಿ. ನೀವು ಇ-ಸಿಗರೇಟ್ ಎನ್ನುವುದು ನಮಗೆ ಆವಿಕೊಳವೆ. ನಿಮ್ಮ ಕಾಲದಲ್ಲಿ ಅದಕ್ಕೆ ನಿಷೇಧವಿತ್ತೆಂದೂ, ಆದರೂ ಕದ್ದುಮುಚ್ಚಿ ಮಾರುತ್ತಿದ್ದರೆಂದೂ ಓದಿದ್ದೇನೆ. ನಮ್ಮಲ್ಲಿ ಆ ಪ್ರಮೇಯವಿಲ್ಲ. ಸಂಜೆ ಕೆಲಸ ಬಿಟ್ಟವರು ಆವಿಕಟ್ಟೆಯಲ್ಲಿ ಕೂತು ಸೇದುತ್ತಾರೆ. ಊರಿಗೆ ನಾಲ್ಕೇ ಕಟ್ಟೆ. ಇಪ್ಪತ್ತೊಂದು ತುಂಬದವರನ್ನು ಮೆಟ್ಟಿಲು ಹತ್ತಲೂ ಬಿಡುವುದಿಲ್ಲ. ಕೊಳವೆಗೆ ತುಂಬಲು ಅಲ್ಲಿ ಮಾರುವ ದ್ರವದ ಪ್ರತಿ ಬಾಟಲಿಯ ಮೇಲೆ ಹೊಣೆಹೆಸರು ಇರುತ್ತದೆ, ಅಂದರೆ ಅದನ್ನು ಪರೀಕ್ಷಿಸಿ ಒಪ್ಪಿದ ಸರ್ಕಾರಿ ಅಧಿಕಾರಿಯ ಹೆಸರು. ಹತ್ತೊಂಬತ್ತು ವರ್ಷಗಳಿಂದ ಅದು ನನ್ನ ಹೆಸರು, ಶಾಂಭವಿ ಕಮ್ಮಾರ. ಆ ಬಗ್ಗೆ ನನಗೆ ಜಂಬವೂ ಇತ್ತು, ಸುಳ್ಳೇಕೆ ಹೇಳಲಿ.

ಹೋದ ತಿಂಗಳು ಗುರುಬಾಯಿ ಎಂಬ ತಾಯಿ ಕಚೇರಿಗೆ ಬಂದು ಏಲಕ್ಕಿ ಪರಿಮಳದ ಬಾಟಲಿಯೊಂದನ್ನು ನನ್ನ ಮೇಜಿನ ಮೇಲಿಟ್ಟರು. ಅವರ ಮಗಳು ಕಸ್ತೂರಿ ರೈಲು ಕಾರ್ಖಾನೆಯಲ್ಲಿ ಬೆಸುಗೆ ಕೆಲಸದವಳು. ಬೀಡಿ ಬಿಡಲೆಂದು ಆವಿ ಹಿಡಿದಿದ್ದಳು. ಶ್ವಾಸಕೋಶ ಕೆಟ್ಟು ಇಪ್ಪತ್ತಾರಕ್ಕೇ ತೀರಿಕೊಂಡಳು. “ಹೆಸರಿದ್ದ ಬಾಟ್ಲಿನ ತಗೋ ಅಂತ ಆಕಿಗೆ ನಾನ ಹೇಳಿದ್ನಿರಿ,” ಎಂದರು ಗುರುಬಾಯಿ. “ಈ ಶಾಂಭವಿ ಅಂದ್ರ ನೀವ ಏನ್ರಿ? ಇದನ್ನ ನೀವು ಕಾಸಿ ನೋಡಿದ್ರೇನ್ರಿ?”

ನೋಡಿರಲಿಲ್ಲ. ನಿಯಮದಲ್ಲಿ ಹಾಗಿಲ್ಲ. ಬಾಟಲಿಯ ದ್ರವವನ್ನು ತಣ್ಣಗಿರುವಾಗಲೇ ಪರೀಕ್ಷಿಸಬೇಕು. ಸುಮಾರು ಇನ್ನೂರು ವರ್ಷಗಳಿಂದ ನಡೆದುಬಂದದ್ದು ಅದೇ. ತಣ್ಣಗಿದ್ದಾಗ ಅದರಲ್ಲಿ ದೋಷವಿರಲಿಲ್ಲ. ಆ ತಾಯಿ ಹೋದ ಮೇಲೆ ಮೊದಲ ಬಾರಿಗೆ ಅದನ್ನು ಕಾಯಿಸಿದೆ. ಪರಿಮಳಕ್ಕೆಂದು ಬೆರೆಸಿದ್ದ ಹೊಸ ಪದಾರ್ಥ ಬಿಸಿಗೆ ವಿಷವಾಯಿತು. ಅದನ್ನು ಯಾರೂ ತಣ್ಣಗೆ ಕುಡಿಯುವುದಿಲ್ಲ, ಎಲ್ಲರೂ ಕಾಯಿಸಿಯೇ ಸೇದುತ್ತಾರೆ ಎಂಬುದು ಇಷ್ಟು ವರ್ಷ ನನ್ನ ತಲೆಗೆ ಹೊಳೆಯಲೇ ಇಲ್ಲ. ನಾಚಿಕೆಯಾಗುತ್ತದೆ.

ಸಹಿ ಹಾಕುವುದನ್ನು ನಿಲ್ಲಿಸಿದ್ದೇನೆ. ನಿಯಮ ಪಾಲಿಸಿದವರದು ತಪ್ಪಲ್ಲವೆಂದು ಮೇಲಿನವರು ನನಗೆ ಶಿಕ್ಷೆ ಕೊಡಲಿಲ್ಲ. ಸೋಮವಾರದಿಂದ ಬಾಟಲಿಯ ಮೇಲೆ ಬೇರೊಬ್ಬರ ಹೆಸರು ಬರುತ್ತದೆ, ಪರೀಕ್ಷೆ ಮಾತ್ರ ಅದೇ. ಆ ನಿಯಮವನ್ನು ಬರೆಯಲಿರುವವರು ನಿಮ್ಮಲ್ಲೇ ಯಾರೋ ಇದ್ದೀರಿ, ಬಹುಶಃ ಒಳ್ಳೆಯ ಮನಸ್ಸಿನವರೇ. ಕೈಮುಗಿದು ಕೇಳುತ್ತೇನೆ: ದ್ರವ ತಯಾರಿಸುವವರು ಕೊಟ್ಟ ಕಾಗದ ಪಕ್ಕಕ್ಕಿಟ್ಟು, ಜನ ಆ ದ್ರವವನ್ನು ಹೇಗೆ ಸೇದುತ್ತಾರೆಂದು ಮೊದಲು ಹೋಗಿ ನೋಡಿ. ಕಸ್ತೂರಿ ಹುಟ್ಟಲು ನಿಮಗಿನ್ನೂ ನೂರ ಎಂಬತ್ತು ವರ್ಷ ಸಮಯವಿದೆ. ಅಷ್ಟರೊಳಗೆ ಒಂದು ಸಲ ಕಾಯಿಸಿ ನೋಡಿ.

ಶಾಂಭವಿ